ಬೋರ್ಡಿನ ಮೇಲಿನ ಸೀರೆ

"ಇವತ್ತ ಒಂದ ಸೀರ್ಯಾಗ ಇಡೀ ಪೊಲೀಸ್ ಠಾಣೇನ ಕಟ್ಟಿ ಹಾಕೀನಿ!" ಜೈನಬಿಯ ಮನೆಯ ಕಟ್ಟೆಗೆ ಕುಂಡಿ ಊರುತ್ತಲೇ ಮಾದೇವಿ ಸಾರಿದಳು. ಮರುಗಳಿಗೆಗೆ ಬಾಯಿಗೆ ಸೆರಗು ಹಿಡಿದು, "ಅರ್ಧಾ ಸುಳ್ಳ ಬಿಡು. ಇದ್ದಾವ ಒಬ್ಬನ. ಆದ್ರ ಹೊಟ್ಟಿ ಮೂರ ಮಂದೀದು," ಎಂದಳು.

ಜೈನಬಿ ನಗಲಿಲ್ಲ. ಮಗ ಮುಕ್ತಾರನ ಲೈಸೆನ್ಸನ್ನು ಕಾನ್‌ಸ್ಟೆಬಲ್ ಮುತ್ತುರಾಜ ಕಸಿದುಕೊಂಡನೆಂದು ಬೆಳಿಗ್ಗೆಯೇ ಫೋನ್ ಬಂದಿತ್ತು. ಮೂವತ್ತು ಕಿಲೋಮೀಟರ್ ವೇಗದಲ್ಲಿ ಹೋಗಬೇಕಾದ ಕಡೆ ಟೆಂಪೋ ನಲವತ್ತೆರಡರಲ್ಲಿತ್ತಂತೆ. ಇದು ಎರಡನೇ ಸಲ. ಲೈಸೆನ್ಸ್ ಠಾಣೆ ಸೇರಿದರೆ ಮೂರು ತಿಂಗಳು ಟೆಂಪೋ ಬಾಗಿಲಲ್ಲೇ, ಮನೆಯ ಒಲೆಗೂ ರಜೆ.

"ಮೊದಲ ಲೈಸೆನ್ಸಿಂದ ಹೇಳ ಮಾದೇವಕ್ಕಾ."

"ತಡಿಬೇ, ಕಥಿ ಹಂಗ ಓಡಿಸಿದ್ರ ನನಗೂ ದಂಡ ಹಾಕ್ತಾರ."

ಆದದ್ದು ಇಷ್ಟು. "ಮೂವತ್ತರಾಗ ಹೋಗಂತ ಬೋರ್ಡ ಎಲ್ಲೈತ್ರಿ ಸಾಹೇಬ್ರ?" ಎಂದು ಮುಕ್ತಾರ ಕೇಳಿದ್ದ. "ಕಣ್ಣ ಮನ್ಯಾಗ ಇಟ್ಟ ಬಂದೀಯೇನಲೇ?" ಎಂದು ಮುತ್ತುರಾಜ ಅವನನ್ನು ತೋರಿಸಲು ಕರೆದೊಯ್ದ. ಮಾದೇವಿಯ ಮನೆಯ ಮುಂದೆ, ಬೋರ್ಡಿನ ಜಾಗದಲ್ಲಿ, ಅವಳ ಹದಿನೆಂಟು ಮೊಳದ ಕೆಂಪು ಸೀರೆ ನೀರು ತೊಟ್ಟಿಕ್ಕುತ್ತ ಜೋತುಬಿದ್ದಿತ್ತು.

"ನೀನ ಮುಚ್ಚೀಯೇನಲೇ ಇದನ್ನ?"

"ಅವ ಯಾಕ ನನ್ನ ಸೀರಿ ಮುಟ್ತಾನೋ?" ಮಾದೇವಿ ಮನೆಯೊಳಗಿಂದ ದಬದಬ ಬಂದಳು. "ನಾನ ಒಣಗ ಹಾಕೀನಿ. ಇಲ್ಲಿ ಸಾಲಿ ಇದ್ದಾಗ ಹಾಕಿದ್ದ ಬೋರ್ಡ ಅದು. ಸಾಲಿ ಅತ್ಲಾಗ ಹೋಗಿ ನೂರ ವರ್ಷ ಆತು. ಹೋಗ್ಲಿ, ಎರಡ ಅನ್ನು. ಈಗ ಇಲ್ಲಿ ಸಾವಕಾಶ ಹೋಗೂದು ಯಾರ ಸಲುವಾಗಿ, ನನ್ನ ಕೋಳಿ ಸಲುವಾಗಿ? ಹುಡುಗ್ರು ದಾಟೂದು ಅಲ್ಲಿ, ಹೊಸಾ ಸಾಲಿ ಮುಂದ. ಲಾರಿ ಇಮಾನಾಗಿ ಹಾರೂದೂ ಅಲ್ಲೇ. ಅಲ್ಲಿ ಬೋರ್ಡೂ ಇಲ್ಲ, ನೀನೂ ಇಲ್ಲ. ಯಾಕ ತಮ್ಮಾ?"

ಮುತ್ತುರಾಜ ತಾನು ಬೈಕ್ ನಿಲ್ಲಿಸಿದ್ದ ಬೇವಿನ ಮರದ ಕಡೆ ನೋಡಿದ.

"ಅಲ್ಲಿ ನೆಳ್ಳ ಇಲ್ಲಬೇ ಯವ್ವಾ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ.

"ಇಷ್ಟೇನ?" ಮಾದೇವಿ ಬೋರ್ಡಿನ ಮೇಲಿಂದ ಸೀರೆ ಸೆಳೆದು ಅವನ ಹೆಗಲಿಗೆ ಹಾಕಿದಳು.

ಜೈನಬಿಯ ತಾಳ್ಮೆ ಹರಿಯಿತು. "ಲೈಸೆನ್ಸ್ ಕೊಟ್ಟನೋ ಇಲ್ಲೋ?"

ಮಾದೇವಿ ರಸ್ತೆಯತ್ತ ಗದ್ದ ತಿರುಗಿಸಿದಳು. ದೂರದಲ್ಲಿ, ಹೊಸ ಶಾಲೆಯ ಮುಂದೆ, ನಾಲ್ಕು ಗಳಗಳಿಗೆ ಕಟ್ಟಿದ ಕೆಂಪು ಚಪ್ಪರ ಗಾಳಿಗೆ ಉಬ್ಬುತ್ತಿತ್ತು. ಅದನ್ನು ಕಂಡದ್ದೇ ಲಾರಿಗಳು ಬಸುರಿಯರ ಹಾಗೆ ಹೆಜ್ಜೆ ಹಾಕುತ್ತಿದ್ದವು. ಅವುಗಳ ಹಿಂದೆ ಒಂದು ಟೆಂಪೋ.

"ಆ ನೆಳ್ಳಾಗ ಹೊಟ್ಟಿ ಬಿಟ್ಕೊಂಡ ಕುಂತಾವ ಯಾರು? ಹಿಂದ ಬರೂ ಟೆಂಪೋ ಯಾರದು? ಎಲ್ಲಾ ನಾನ ಹೇಳಬೇಕೇನ, ನೀನೂ ಒಂದೀಟ ಹೇಳು."