ಚಿವುಟಿದ ಹಿಟ್ಟು

"ನಾಲಿಗಿ ಹಿಡಿತದಾಗ ಇರಬೇಕ್ರಿ. ವರ್ಷದಾಗ ಹನ್ನೆರಡು ಕಿಲೋ ಇಳಿಸೇನಿ. ಇಕಿ ನೋಡ್ರಿ, ಎಮ್ಮಿ ಆಗ್ಯಾಳ!" ಪಡಸಾಲೆಯಲ್ಲಿ ಗುರುಲಿಂಗಪ್ಪ ಇಂಡಿಯಿಂದ ಬಂದ ಬೀಗರಿಗೆ ಹೇಳಿ ನಕ್ಕಾಗ, ಒಳಗೆ ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಲಕ್ಕವ್ವನ ಕೈ ನಿಂತಿತು.

"ತೂಕ ಇಳೀಲಿಲ್ಲಂದ್ರ ಎದಿ ತಡಿಯಂಗಿಲ್ಲ" ಎಂದು ಸಿಂದಗಿಯ ಡಾಕ್ಟರು ಅವನನ್ನು ಹೆದರಿಸಿದ ದಿನದಿಂದ, ಅವಳು ಗಂಡನ ಪ್ರತಿ ರೊಟ್ಟಿಯ ಹಿಟ್ಟಿನಿಂದ ನಿಂಬೆಹಣ್ಣಿನಷ್ಟು ಚಿವುಟಿ ತೆಗೆಯುತ್ತಿದ್ದಳು. ರೊಟ್ಟಿ ಅಷ್ಟೇ ಅಗಲ, ತುಸು ತೆಳುವು. ಅವನಿಗೆ ಗೊತ್ತೇ ಆಗಲಿಲ್ಲ. ಚಿವುಟಿದ್ದನ್ನು ಚೆಲ್ಲಲು ಮನಸ್ಸಾಗದೆ, ಅದನ್ನೂ ಒಂದು ರೊಟ್ಟಿ ಮಾಡಿ ತಾನೇ ತಿನ್ನುತ್ತಿದ್ದಳು.

ಇವತ್ತು ಚಿವುಟಿಟ್ಟ ಹಿಟ್ಟನ್ನೆಲ್ಲ ಅವನ ಉಂಡೆಗೇ ಸೇರಿಸಿ ನಾದಿದಳು. ದಪ್ಪ ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆಯಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು ಬಂದು ಅವನ ತಾಟಿಗೆ ಹಾಕಿದಳು.

"ಭಾಳ ಸೊರಗೀರಿ. ಇನ್ನ ಮ್ಯಾಲ ಹೊಟ್ಟಿ ತುಂಬ ಉಣ್ರಿ."