ಜಿಂಕೆಗಳಿದ್ದ ಗೋಡೆ

ನೆಲಕ್ಕೆ ಮೇಣ ಉಜ್ಜಿದ ವಾಸನೆ ಎಲ್ಲಿ ಬಂದರೂ ಈಗಲೂ ನನ್ನ ಕಾಲು ಜಾರಲು ನೋಡುತ್ತದೆ.

ಕಂಪ್ಯೂಟರಿನವರಿಗೆ ಜರ್ಮನಿ ಕೊಡುತ್ತಿದ್ದ, ಕೆಲಸ ಇರುವ ತನಕ ಮಾತ್ರ ನಡೆಯುವ ಗ್ರೀನ್ ಕಾರ್ಡಿನ ಮೇಲೆ ಅಪ್ಪ ನ್ಯೂರೆಂಬರ್ಗಿಗೆ ಬಂದಿದ್ದ ಕಾಲ. ಆ ವಾರ ಅವನು ಆಫೀಸಿಗೆ ಹೋಗುತ್ತಿರಲಿಲ್ಲ. ಕಟ್ಟಡದ ನೆಲಮಾಳಿಗೆಯ ಕೆಲ್ಲರಿನಲ್ಲಿದ್ದ ಸೂಟ್‌ಕೇಸುಗಳು ಮನೆಯೊಳಗೆ ಬಂದಿದ್ದವು. "ಬಂದಾಗಿಂದ ನೋಡೂಣು ನೋಡೂಣು ಅಂತನ ಆತು, ಇವತ್ತ ನೋಡಿಬಿಡೂಣು," ಎಂದು ನಮ್ಮನ್ನು ರೈಲು ಹತ್ತಿಸಿ ಹಳೆಯ ಅರಮನೆಯೊಂದಕ್ಕೆ ಕರೆದುಕೊಂಡು ಹೋದ.

ದೊಡ್ಡ ಸಭಾಂಗಣದ ಬಾಗಿಲಲ್ಲಿ ಅವ್ವ ಯಾರೂ ಹೇಳದೆಯೇ ಶೂ ಕಳಚಿ ಬದಿಗಿಟ್ಟಳು. ಕಾವಲಿನ ಹೆಂಗಸು ನಕ್ಕು, ಶೂ ಮೇಲೆಯೇ ತೊಡುವ ದೊಡ್ಡ ದೊಡ್ಡ ಉಣ್ಣೆಯ ಚಪ್ಪಲಿ ಕೊಟ್ಟಳು. ನೆಲಕ್ಕೆ ಗೀರು ಬೀಳಬಾರದಂತೆ. "ನೆಲಕ್ಕ ಎಷ್ಟು ಮರ್ಯಾದಿ ಕೊಡ್ತಾರ ನೋಡು," ಎಂದು ಅವ್ವನಿಗೆ ಬಹಳ ಸಮಾಧಾನವಾಯಿತು.

ಒಳಗೆ ಗೋಡೆಯಿಂದ ಗಾರೆಯ ಜಿಂಕೆಗಳು ಅರ್ಧ ಮೈ ಹೊರಚಾಚಿದ್ದವು. ಕೊಂಬು ಮಾತ್ರ ನಿಜವಾದವು, ಧೂಳು ಹಿಡಿದವು. ಚಾವಣಿಯ ತುಂಬ ಬೇಟೆಯ ಚಿತ್ರ. ಕಿಟಕಿಯಾಚೆ ತೋಟ ಎಲ್ಲಿ ಮುಗಿಯುತ್ತದೆಂದೇ ತಿಳಿಯಲಿಲ್ಲ. ಬಾಯಿ ತೆರೆದು ನಿಂತಿದ್ದ ನನ್ನ ಕೈ ಹಿಡಿದು ಅಪ್ಪ, ಕಾವಲಿನವಳು ಅತ್ತ ತಿರುಗಿದ್ದೇ ತಡ, ಸರ್ರನೆ ಜಾರಿದ. ಎರಡೂ ಬದಿಯ ಜಿಂಕೆಗಳು ನಮ್ಮ ಜೊತೆ ಓಡಿದವು. ಅಪ್ಪ ಚಿಕ್ಕ ಹುಡುಗನ ಹಾಗೆ ನಗುತ್ತಿದ್ದ. ಅವ್ವ ಬೈಯಲಿಲ್ಲ.

ಹೊರಡುವಾಗ ನಾನು ಜಿಂಕೆಗಳಿಗೆ ಕೈ ಬೀಸಿ "ಹೋಗ್ತೀನಿ" ಎಂದೆ. ಹಾಗೆ ಅಂದಾಗಲೆಲ್ಲ ಅವ್ವ ತಲೆಗೆ ಮೊಟಕಿ, "ಹೋಗಿ ಬರ್ತೀನಿ ಅನ್ನಬೇಕು," ಎನ್ನುತ್ತಿದ್ದಳು. ಅವತ್ತು ಅವಳು ಅಪ್ಪನ ಮುಖ ನೋಡಿದಳು, ಆಮೇಲೆ ಬಗ್ಗಿ ನನ್ನ ಉಣ್ಣೆಯ ಚಪ್ಪಲಿ ಬಿಚ್ಚಿದಳು.