ದುರ್ಗಪ್ಪ ಮಾಸ್ತರರ ಹೊಡೆತ

"ದುಂಡಪ್ಪಾರ, ಗೋಲಿನ್ಯಾಗ ನೀವೇ ನಿಂದರ್ರಿ. ಚೆಂಡ ಹೆಂಗ ತಡೀಬೇಕಂತ ಹುಡುಗರಿಗೆ ತೋರ್ಸ್ರಿ," ಎಂದರು ದುರ್ಗಪ್ಪ ಮಾಸ್ತರರು. ಹನ್ನೆರಡು ಪುಟ್ಟ ಹುಡುಗರಿಗೆ ಅದು ಹಾಕಿ ಆಟದ ಕಲಿಕೆಯ ಮೊದಲ ದಿನ. ಮೊದಲು ಕೋಲು ಹಿಡಿಯುವುದು, ಆಮೇಲೆ ಚೆಂಡು ಉರುಳಿಸುವುದು ಎಂದು ಮಾಸ್ತರರು ಹಾಕಿಕೊಂಡಿದ್ದ ಕ್ರಮ, ಮಗ ಭೀಮಶಿಯ ಕೈಹಿಡಿದು ಗೋಕಾಕದ ಬಯಲಿಗೆ ಬಂದ ದುಂಡಪ್ಪನನ್ನು ಕಂಡೊಡನೆ ಬದಲಾಗಿತ್ತು. ೧೯೨೯ರಲ್ಲಿ, ಹುಕ್ಕೇರಿಯ ಪಂದ್ಯದಲ್ಲಿ, ಬೇಕೆಂದೇ ಕೋಲು ಬೀಸಿ ಮಾಸ್ತರರ ಮೊಣಕಾಲು ಮುರಿದವನು ಇವನೇ.

ಮಾಸ್ತರರ ಗುರುತು ಹತ್ತಿದ ದುಂಡಪ್ಪನ ಮುಖ ಬಿಳಿಚಿತು. ಆದರೆ ಮಗ ನೋಡುತ್ತಿದ್ದ, ಒಲ್ಲೆ ಎನ್ನಲಾಗಲಿಲ್ಲ. ಕೋಲು ಹಿಡಿದು ನಿಂತ. ದುರ್ಗಪ್ಪ ಕುಂಟುತ್ತ ಹತ್ತು ಹೆಜ್ಜೆ ಹಿಂದೆ ಸರಿದು, ಒಂಬತ್ತು ವರ್ಷದ ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡು ಚೆಂಡನ್ನು ಹೊಡೆದರು. "ಯಪ್ಪೋ!" ಎಂದು ಚೀರಿದ ದುಂಡಪ್ಪ ಕೋಲು ಬಿಟ್ಟು, ಮುಖ ಮುಚ್ಚಿಕೊಂಡು ನೆಲಕ್ಕೆ ಕುಸಿದ. ಚೆಂಡು ಅವನ ಹೊಟ್ಟೆಗೆ ಮೆತ್ತಗೆ ತಾಗಿ ಪಕ್ಕಕ್ಕೆ ಬಿತ್ತು. ಎಳೆಯರಿಗೆ ಪೆಟ್ಟಾಗದಿರಲೆಂದು ಮಾಸ್ತರರೇ ಅರಳೆ ತುಂಬಿ ಹೊಲಿದ ಚೆಂಡು ಅದು.

ಹುಡುಗರು ಬಿದ್ದು ಬಿದ್ದು ನಕ್ಕರು. ದುರ್ಗಪ್ಪನವರೂ ನಕ್ಕರು, ಎಷ್ಟೋ ವರ್ಷಗಳ ಮೇಲೆ ಎದೆ ಹಗುರಾಗಿತ್ತು. ಭೀಮಶಿ ಮಾತ್ರ ನಗಲಿಲ್ಲ. ಅಪ್ಪನ ಕೋಲು ಎತ್ತಿಕೊಂಡು ಅವನಿಗೆ ಅಡ್ಡವಾಗಿ ಗೋಲಿನಲ್ಲಿ ನಿಂತ. ಕಣ್ಣು ಮಾಸ್ತರರನ್ನು ಬಿಟ್ಟು ಕದಲಲಿಲ್ಲ.

"ಖರೇ ಚೆಂಡ ತಗೋರಿ, ಮಾಸ್ತರ," ಎಂದ. "ಮೊದಲ ನೀವು ನನಗ ಹೊಡೀರಿ. ಆಮ್ಯಾಲೆ ನೀವು ಇಲ್ಲಿ ನಿಂದರ್ರಿ, ನಾ ಹೊಡೀತೀನಿ."